ಕುದುರೆಮುಖ: ಗಣಿ ನಿಂತಿತು, ಕಡತ ಮುಚ್ಚಲಿಲ್ಲ

2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಕಬ್ಬಿಣದ ಗಣಿ ನಿಂತಿತು. ಅದಿರು ಮುಗಿದಿತ್ತು ಅಂತ ನಿಲ್ಲಲಿಲ್ಲ. ಕಂಪನಿ ನಷ್ಟದಲ್ಲಿತ್ತು ಅಂತಲೂ ಅಲ್ಲ. ಕೇಂದ್ರ ಸರ್ಕಾರದ್ದೇ ಕಂಪನಿ, ವಿದೇಶಿ ವಿನಿಮಯ ತರುತ್ತಿದ್ದ ಗಣಿ, ಸಾವಿರಾರು ಜನರ ಅನ್ನ. ಅಂಥದ್ದನ್ನು ಕಾಡು ಮತ್ತು ಹೊಳೆಯ ಕಾರಣಕ್ಕೆ ಮುಚ್ಚಿಸಿದ್ದು ನಮ್ಮ ದೇಶದಲ್ಲಿ ಅಪರೂಪದ ಸಂಗತಿ. ಹೀಗಾಗಿ ಪಶ್ಚಿಮ ಘಟ್ಟದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕುದುರೆಮುಖದ ಹೆಸರು ಎತ್ತುತ್ತಾರೆ, "ಜನ ಹೋರಾಡಿದರು, ಗಣಿ ನಿಂತಿತು" ಅಂತ ಎರಡು ಮಾತಲ್ಲಿ ಮುಗಿಸುತ್ತಾರೆ.

ಆ ಎರಡು ಮಾತಿನ ನಡುವೆ ತುಂಬಾ ವಿಷಯ ಬಿಟ್ಟುಹೋಗುತ್ತದೆ. ಹೋರಾಟ ನಡೆದದ್ದು ನಿಜ. ಆದರೆ ಗಣಿ ನಿಂತದ್ದು ಒಂದು ಗುತ್ತಿಗೆಯ ಕೊನೆಯ ದಿನಾಂಕ, ಒಂದು ಹಳೆಯ ಅಧಿಸೂಚನೆ, ಎರಡು ಕಾನೂನು, ಇವೆಲ್ಲ ಒಂದೇ ಹೊತ್ತಿಗೆ ಸೇರಿಕೊಂಡದ್ದರಿಂದ. ಮತ್ತು ಆ ದಿನಾಂಕ ಬರುವುದನ್ನು ಕೆಲವರು ಮೊದಲೇ ಕಾದು ಕೂತಿದ್ದರಿಂದ. ಈ ಕಡತದ ಕೆಲಸ ನೋಡಲು ಬೋರು. ಆದರೆ ಪ್ರಕರಣದ ಜೀವ ಇರುವುದು ಅಲ್ಲೇ. ಕಾಡಿನೊಳಗೆ ಇದ್ದ ಜನರಿಗೆ ಸಂಕಟ ತಂದದ್ದೂ ಅದೇ ಕಡತ. ಅದನ್ನೂ ಬಿಡದೆ ಬರೆಯಬೇಕು.

ಜಾಗ ಎಂಥದ್ದು

ಕಾರ್ಕಳದಿಂದ ಮಾಳ ದಾಟಿ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಸೌತ್ ಕೆನರಾ ಅನ್ನುವ ಜಿಲ್ಲೆಯೇ ಈಗ ಇಲ್ಲ, ಹೆಸರು ಮಾತ್ರ ಬಸ್ ಕಂಡಕ್ಟರುಗಳ ಬಾಯಲ್ಲಿ ಉಳಿದುಕೊಂಡಿದೆ. ಅಲ್ಲಿಂದ ಒಂದು ದಾರಿ ಕೆರೆಕಟ್ಟೆ, ತನಿಕೋಡು ಕಡೆಯಿಂದ ಶೃಂಗೇರಿಗೆ, ಇನ್ನೊಂದು ಕುದುರೆಮುಖ ಊರು ದಾಟಿ ಸಂಸೆ, ಕಳಸಕ್ಕೆ. ಈ ಸುತ್ತಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲ ಎರಡು ಪೂರ್ವಕ್ಕೆ, ಬಯಲುಸೀಮೆಗೆ. ಮೂರನೆಯದು ಪಶ್ಚಿಮಕ್ಕೆ, ಮಂಗಳೂರಿನ ಕಡಲಿಗೆ. ಅಂದರೆ ಒಂದೇ ಗುಡ್ಡಸಾಲಿನ ನೀರನ್ನು ದಾವಣಗೆರೆಯ ಭತ್ತದ ಗದ್ದೆಯೂ ಕುಡಿಯುತ್ತದೆ, ಮಂಗಳೂರಿನ ನಲ್ಲಿಯೂ ಕುಡಿಯುತ್ತದೆ.

ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಇಷ್ಟು ನೀರು ಒಮ್ಮೆಲೇ ಬಿದ್ದರೂ ಗುಡ್ಡ ಕೊಚ್ಚಿಹೋಗದೆ ನಿಂತಿದೆ ಅಂದರೆ ಅದಕ್ಕೆ ಕಾರಣ ಮೇಲಿನ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು. ಬೆಟ್ಟದ ನೆತ್ತಿ, ಭುಜಗಳ ಮೇಲೆ ಹುಲ್ಲು. ಎರಡು ಗುಡ್ಡ ಕೂಡುವ ಸಂದಿಯಲ್ಲಿ, ಗಾಳಿಯ ಹೊಡೆತ ಕಮ್ಮಿ ಇದ್ದು ಮಣ್ಣು ಆಳ ಇರುವ ಕಡೆ, ಗಿಡ್ಡ ಮರಗಳ ದಟ್ಟ ಕಾಡು. ಕೆಳಕ್ಕೆ ಇಳಿದಂತೆ ಎತ್ತರದ ಮಳೆಕಾಡು. ಹುಲ್ಲಿನ ಬೇರು ಮಣ್ಣನ್ನು ಚಾಪೆ ಹೆಣೆದ ಹಾಗೆ ಹಿಡಿದಿರುತ್ತದೆ. ಅದರಡಿ ಇಳಿದ ನೀರು ಶೋಲಾದ ಕರಿ ಮಣ್ಣಿನಲ್ಲಿ ನಿಂತು, ಮಳೆ ಹೋದ ಮೇಲೂ ಸಣ್ಣಗೆ ಜಿನುಗುತ್ತಾ ಇರುತ್ತದೆ. ಮಾರ್ಚ್‌ನಲ್ಲೂ ಹಳ್ಳ ಹರಿಯುವುದು ಹೀಗೆ.

ನಮ್ಮ ಜನಕ್ಕೆ, ಅಧಿಕಾರಿಗಳಿಗೂ ಕೂಡ, ಇಂಥ ಹುಲ್ಲುಗುಡ್ಡ ಕಂಡರೆ "ಬೋಳು ಗುಡ್ಡ, ಖಾಲಿ ಜಾಗ" ಅನ್ನಿಸುತ್ತದೆ. ಮರ ಇಲ್ಲದ ಮೇಲೆ ಕಾಡು ಹೇಗೆ ಅನ್ನುವ ಲೆಕ್ಕ. ಗಣಿ ಕಂಪನಿ ತಾನು ಲಕ್ಷಗಟ್ಟಲೆ ಗಿಡ ನೆಟ್ಟೆ ಅಂತ ಹೆಮ್ಮೆಯಿಂದ ಹೇಳಿಕೊಂಡಿತ್ತು. ನೆಟ್ಟದ್ದರಲ್ಲಿ ಅಕೇಶಿಯಾದಂಥ ಪರದೇಶಿ ಜಾತಿಗಳೇ ಎದ್ದು ಕಾಣುತ್ತವೆ. ಮರವೇ ಇರಬಾರದ ಹುಲ್ಲುಗುಡ್ಡದ ಮೇಲೆ ಅಕೇಶಿಯಾ ನೆಟ್ಟು ಹಸಿರು ಮಾಡಿದೆವು ಅನ್ನುವುದು ಗಣಿಗಿಂತ ಸಣ್ಣ ಹಾನಿ ಇರಬಹುದು, ಆದರೆ ಹಾನಿಯೇ. ಅದನ್ನು ಪರಿಸರ ಕೆಲಸದ ಲೆಕ್ಕಕ್ಕೆ ಹಾಕಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಕಾಡಿನ ಭಾಗದಲ್ಲಿ ಸಿಂಗಳೀಕ ಇದೆ. ಮುಖದ ಸುತ್ತ ಬೂದು ಕೂದಲಿನ ದಟ್ಟ ಜೂಲು, ಮೈಯೆಲ್ಲ ಕಪ್ಪು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಇದು ಮಾಮೂಲಿ ಕೋತಿಯ ಹಾಗೆ ರಸ್ತೆಗೆ ಬಂದು ಬಾಳೆಹಣ್ಣು ಕಿತ್ತುಕೊಳ್ಳುವ ಪ್ರಾಣಿ ಅಲ್ಲ, ಮರದ ನೆತ್ತಿಯಲ್ಲೇ ಬದುಕು. ನೆತ್ತಿಯಿಂದ ನೆತ್ತಿಗೆ ದಾರಿ ಬೇಕು, ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹಣ್ಣು ಬೇಕು. ಕಾಡು ತುಂಡಾದರೆ ಗುಂಪು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡಿ, ಅವು ಉಳಿಯಬೇಕಾದರೆ ಕುದುರೆಮುಖದ ಕಾಡು ಎಷ್ಟು ಮುಖ್ಯ ಅನ್ನುವುದನ್ನು ದಾಖಲಿಸಿದರು. 1987ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮೊದಲ ಅಧಿಸೂಚನೆ ಹೊರಡಿಸಿತು. ಸುಮಾರು 600 ಚದರ ಕಿಲೋಮೀಟರ್.

ಆ ಹೊತ್ತಿಗೆ ಮಧ್ಯದಲ್ಲಿ ಗಣಿ ನಡೆಯುತ್ತಿತ್ತು.

ಗಣಿ ಬಂದದ್ದು

ಇಲ್ಲಿ ಕಬ್ಬಿಣ ಇದೆ ಅನ್ನುವುದು ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರ ಕಾಲದಿಂದ, ಅಂದರೆ 20ನೇ ಶತಮಾನದ ಶುರುವಿನಿಂದಲೇ ಗೊತ್ತಿತ್ತು. ತೆಗೆಯಲು ಯಾರೂ ಮುಂದೆ ಬರಲಿಲ್ಲ. ದಾರಿ ಇಲ್ಲ, ಸುರಿಯುವ ಮಳೆ, ಅದಿರಿನ ಗುಣವೂ ಅಷ್ಟಕ್ಕಷ್ಟೆ. 1969ರಲ್ಲಿ 30 ವರ್ಷದ ಗಣಿ ಗುತ್ತಿಗೆ ಆಯಿತು, 4,600 ಹೆಕ್ಟೇರಿಗೂ ಸ್ವಲ್ಪ ಜಾಸ್ತಿ ಜಾಗಕ್ಕೆ. ಆಗ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರಲಿಲ್ಲ, ಅದು ಬಂದದ್ದು 1972ರಲ್ಲಿ. ಅರಣ್ಯ ಸಂರಕ್ಷಣಾ ಕಾಯ್ದೆ 1980ರದ್ದು. ಹಾಗಾಗಿ "ಈ ಜಾಗದಲ್ಲಿ ಗಣಿ ಮಾಡಬಹುದಾ" ಅನ್ನುವ ಪ್ರಶ್ನೆಯನ್ನು ಕಾನೂನಿನ ಲೆಕ್ಕದಲ್ಲಿ ಕೇಳುವವರೇ ಇರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದುಡ್ಡು ಬಂದದ್ದು ಇರಾನಿನ ಶಾಹನಿಂದ. 1975ರ ನವೆಂಬರ್‌ನಲ್ಲಿ ಒಪ್ಪಂದ, 63 ಕೋಟಿ ಡಾಲರ್ ಸಾಲ, ಬದಲಿಗೆ ಅದಿರು ಇರಾನಿನ ಉಕ್ಕಿನ ಕಾರ್ಖಾನೆಗೆ. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಅಂದರೆ ಕೆಐಒಸಿಎಲ್ ಹುಟ್ಟಿತು. ಕಾಡಿನ ನಡುವೆ ಊರೇ ಎದ್ದಿತು. 1979ರಲ್ಲಿ ಶಾಹನ ಆಡಳಿತ ಬಿತ್ತು. ಹೊಸ ಸರ್ಕಾರಕ್ಕೆ ಈ ಅದಿರು ಬೇಡವಾಯಿತು, ಸಾಲದ ಹಣವೂ ಅರ್ಧದಲ್ಲೇ ನಿಂತಿತು. ಮಲೆನಾಡಿನ ಒಂದು ಮೂಲೆಯ ಗುಡ್ಡ ಟೆಹರಾನಿನ ಕ್ರಾಂತಿಗೆ ಹೀಗೆ ಸಿಕ್ಕಿಕೊಂಡಿತ್ತು ಅನ್ನುವುದು ಈಗ ಯೋಚಿಸಿದರೆ ವಿಚಿತ್ರ ಅನ್ನಿಸುತ್ತದೆ. ಅಷ್ಟರಲ್ಲಿ ಯಂತ್ರ, ಅಣೆಕಟ್ಟೆ, ಪೈಪು ಎಲ್ಲ ಆಗಿತ್ತು. ಗಿರಾಕಿ ಹೋದ ಮೇಲೂ ಗಣಿ ಹೋಗಲಿಲ್ಲ, ಬೇರೆ ದೇಶಗಳಿಗೆ ಮಾರಲು ಶುರು ಮಾಡಿದರು.

ಇಲ್ಲಿನ ಅದಿರಿನಲ್ಲಿ ಕಬ್ಬಿಣ ಸುಮಾರು ಶೇ 38 ಮಾತ್ರ. ಅದನ್ನು ಪುಡಿ ಮಾಡಿ, ನೀರು ಸೇರಿಸಿ, ಬೇರ್ಪಡಿಸಿ ಶೇ 67ರಷ್ಟಕ್ಕೆ ಏರಿಸಬೇಕಿತ್ತು. ಒಂದು ಟನ್ ಒಳ್ಳೆ ಮಾಲು ಬೇಕಾದರೆ ಎರಡು ಟನ್ನಿಗಿಂತ ಜಾಸ್ತಿ ಗುಡ್ಡ ಅಗೆಯಬೇಕು. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರ ಅದಿರು ತೆಗೆಯುವ ಸಾಮರ್ಥ್ಯದ ಗಣಿ ಅದು, ಅಂದಮೇಲೆ ಎಷ್ಟು ಗುಡ್ಡ ಕರಗುತ್ತಿತ್ತು ನೀವೇ ಲೆಕ್ಕ ಹಾಕಿ. ಒಳ್ಳೆ ಮಾಲು ಕೆಸರಿನ ರೂಪದಲ್ಲಿ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. ಭದ್ರೆಯ ಮೇಲಣ ನೀರು ಅದರ ಜೊತೆಗೇ ಕಡಲ ಕಡೆಗೆ ಹೋಗುತ್ತಿತ್ತು. ಪೈಪು ಒಡೆದು ಕೆಸರು ಕಾಡಿಗೆ, ಹಳ್ಳಕ್ಕೆ ಬಿದ್ದದ್ದೂ ಇದೆ.

ಉಳಿದ ಕಸ? ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿ ಅಲ್ಲಿಗೆ ಸುರಿದರು. ದೂರದಿಂದ ನೋಡಿದರೆ ಸರೋವರ. ಫೋಟೋ ತೆಗೆಯುವವರಿಗೆ ಇಷ್ಟವಾಗುವ ಜಾಗ. ಅಡಿಯಲ್ಲಿ ಇರುವುದು ಎರಡೂವರೆ ದಶಕದ ಗಣಿ ಹೂಳು.

ಹೊಳೆ ಕೆಂಪಾದದ್ದು

ತೆರೆದ ಗಣಿ ಅಂದರೆ ಹುಲ್ಲಿನ ಹೊದಿಕೆ ತೆಗೆದ ಗುಡ್ಡ. ಅದರ ಮೇಲೆ 7,000 ಮಿಲಿಮೀಟರ್ ಮಳೆ. ಮುಂದಿನದನ್ನು ಬಿಡಿಸಿ ಹೇಳಬೇಕಾ? ಕೆಂಪು ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಭದ್ರೆ ಕಳಸದ ಪಕ್ಕ ಹರಿದು, ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿಯ ಅಣೆಕಟ್ಟೆಗೆ ಸೇರುತ್ತಾಳೆ. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗುವುದು ಇವತ್ತಿಗೂ ಟಿವಿಯಲ್ಲಿ ಬರುತ್ತದೆ. ಹೊಳೆ ಉಕ್ಕಿ ಇಳಿದ ಮೇಲೆ ದಂಡೆಯ ಗದ್ದೆ ತೋಟದಲ್ಲಿ ಉಳಿಯುವ ಮಣ್ಣು ಎಂಥದ್ದು ಅನ್ನುವುದು ಹೊಳೆದಂಡೆಯ ರೈತರಿಗೆ ಗೊತ್ತಿರುತ್ತದೆ. ಕಾಡಿನ ಹೊಳೆ ತರುವ ಎಲೆಗೊಬ್ಬರದ ಕರಿ ಗೋಡು ಬೇರೆ, ಗಣಿಯ ನುಣುಪು ಹೂಳು ಬೇರೆ. ಎರಡನೆಯದು ನೀರು ಇಂಗದ ಹಾಗೆ ಗಟ್ಟಿ ಪದರ ಕಟ್ಟುತ್ತದೆ.

ಕಂಪನಿಯ ವಾದ ಏನಿತ್ತು ಅಂದರೆ, ಮಳೆನಾಡಿನ ಹೊಳೆ ಮಳೆಗಾಲದಲ್ಲಿ ಕೆಂಪಾಗುವುದು ಸಹಜ. ಎಸ್ಟೇಟು, ರಸ್ತೆ, ಗದ್ದೆ ಎಲ್ಲದರ ಮಣ್ಣೂ ಸೇರುತ್ತದೆ, ನಮ್ಮೊಬ್ಬರನ್ನೇ ಯಾಕೆ ಹಿಡಿಯುತ್ತೀರಿ? ಸುಮ್ನೆ ತಳ್ಳಿಹಾಕುವ ವಾದ ಅಲ್ಲ ಇದು. ಕಣ್ಣಿಗೆ ಕಾಣುವ ಕೆಂಪು ನೀರು ಯಾವ ಗುಡ್ಡದ್ದು ಅಂತ ಕಣ್ಣು ಹೇಳುವುದಿಲ್ಲ. ಹೇಳಬೇಕಾದರೆ ಅಳೆಯಬೇಕು.

ಅಳೆಯುವುದು ಅಂದರೆ ಏನು ಅಂತ ಒಮ್ಮೆ ನೋಡಿ. ಗಣಿಗಿಂತ ಮೇಲೊಂದು ಕಡೆ, ಕೆಳಗೊಂದು ಕಡೆ, ಗಣಿಯ ಸಂಪರ್ಕವೇ ಇಲ್ಲದ ಪಕ್ಕದ ಹಳ್ಳದಲ್ಲಿ ಇನ್ನೊಂದು ಕಡೆ ನೀರು ಹಿಡಿಯಬೇಕು. ಬೇಸಿಗೆಯಲ್ಲಿ ಹಿಡಿದರೆ ಪ್ರಯೋಜನ ಇಲ್ಲ. ಹೂಳು ಸಾಗುವುದು ಮಳೆ ಹುಚ್ಚೆದ್ದು ಬರುವ ಕೆಲವೇ ದಿನಗಳಲ್ಲಿ, ಆ ದಿನದ ಕೆಲವೇ ಗಂಟೆಗಳಲ್ಲಿ. ಮನೆಯಿಂದ ಹೊರಗೆ ಬರಲು ಯಾರಿಗೂ ಮನಸ್ಸಾಗದ ಆ ಹೊತ್ತಿಗೇ ಹೊಳೆದಂಡೆಯಲ್ಲಿ ಬಾಟಲಿ ಹಿಡಿದು ನಿಲ್ಲಬೇಕು. ಆಮೇಲೆ ಆ ನೀರನ್ನು ಸೋಸಿ, ಉಳಿದ ಮಣ್ಣನ್ನು ಒಣಗಿಸಿ, ಗ್ರಾಂ ಲೆಕ್ಕದಲ್ಲಿ ತೂಗಬೇಕು. ಹೊಳೆಯ ಮಟ್ಟ, ವೇಗ ಬರೆದುಕೊಂಡು, ಒಟ್ಟು ಎಷ್ಟು ಟನ್ ಹೋಯಿತು ಅಂತ ಲೆಕ್ಕ ಕಟ್ಟಬೇಕು. ಪರಿಸರ ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಯವರು ಮಾಡಿದ ಇಂಥ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರು ಅಳೆದ ಭದ್ರೆಯ ಜಲಾನಯನದಲ್ಲಿ ಗಣಿಯ ಪಾಲು ಶೇ 1ಕ್ಕಿಂತ ಕಮ್ಮಿ ಜಾಗ. ಹೂಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ಜಾಸ್ತಿ. ಪ್ರಕಟವಾಗುವ ಹೊತ್ತಿಗೆ ಗಣಿ ನಿಂತಿತ್ತು, ನಿಜ. ಆದರೂ ಈ ಅಂಕಿ ಬಂದ ಮೇಲೆ "ಎಲ್ಲರ ಮಣ್ಣೂ ಸೇರುತ್ತದೆ" ಅನ್ನುವ ಮಾತಿಗೆ ನೆಲೆ ಉಳಿಯಲಿಲ್ಲ.

1999ರ ಜುಲೈ

ಈಗ ಆ ದಿನಾಂಕಕ್ಕೆ ಬರೋಣ. 1969ರ ಗುತ್ತಿಗೆ 30 ವರ್ಷದ್ದು. 1999ರ ಜುಲೈಗೆ ಮುಗಿಯಿತು. ಕಂಪನಿ ಇನ್ನೂ 20 ವರ್ಷ ಕೇಳಿತು. ಜೊತೆಗೆ ಗಂಗಡಿಕಲ್ಲು, ನೆಲ್ಲಿಬೀಡಿನ ಕಡೆಯ ಹೊಸ ಗುಡ್ಡಗಳ ಮೇಲೂ ಕಣ್ಣಿತ್ತು.

ನಡೆಯುತ್ತಿರುವ ಗಣಿಯನ್ನು ನಡುವೆ ನಿಲ್ಲಿಸುವುದು ನಮ್ಮ ವ್ಯವಸ್ಥೆಯಲ್ಲಿ ಬಲು ಕಷ್ಟ. ಹಣ ಹಾಕಿಯಾಗಿರುತ್ತದೆ, ಜನ ಕೆಲಸದಲ್ಲಿರುತ್ತಾರೆ, ಗುತ್ತಿಗೆಯ ಹಕ್ಕು ಇರುತ್ತದೆ. ಆದರೆ ನವೀಕರಣಕ್ಕೆ ಬಂದ ದಿನ ಅದೇ ಗಣಿ ಹೊಸಬನ ಹಾಗೆ ಸಾಲಿನಲ್ಲಿ ನಿಲ್ಲಬೇಕು. 1969ರಲ್ಲಿ ಇಲ್ಲದ ಎರಡು ಕಾಯ್ದೆಗಳು ಈಗ ಇದ್ದವು. ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಇಲ್ಲದೆ ಗುತ್ತಿಗೆ ನವೀಕರಿಸುವ ಹಾಗಿಲ್ಲ. ವನ್ಯಜೀವಿ ಕಾಯ್ದೆಯ ಅಡಿ 1987ರ ಅಧಿಸೂಚನೆ ಕಡತದಲ್ಲಿ ಕೂತಿತ್ತು. 12 ವರ್ಷ ಅದರಿಂದ ಏನೂ ಆಗಿಲ್ಲ ಅನ್ನಿಸಿದ್ದ ಒಂದು ಹಾಳೆ, ಈಗ ದೊಡ್ಡ ಪ್ರಶ್ನೆ ಆಯಿತು. ರಾಷ್ಟ್ರೀಯ ಉದ್ಯಾನ ಮಾಡುತ್ತೇವೆ ಅಂತ ನೀವೇ ಹೇಳಿದ ಜಾಗದಲ್ಲಿ ಇನ್ನೂ 20 ವರ್ಷ ಗಣಿ ಹೇಗೆ ಕೊಡುತ್ತೀರಿ?

ಸರ್ಕಾರಗಳು ನೇರ ಉತ್ತರ ಕೊಡಲಿಲ್ಲ. ಕೇಂದ್ರ ತಾತ್ಕಾಲಿಕ ಅನುಮತಿ ಕೊಟ್ಟಿತು. ಮುಗಿದಾಗ ಮತ್ತೆ ಕೊಟ್ಟಿತು. ತಾತ್ಕಾಲಿಕ ಅನ್ನುವುದನ್ನು ಎಷ್ಟು ದಿನ ಎಳೆಯಬಹುದು ಅನ್ನುವುದರಲ್ಲಿ ನಮ್ಮ ಕಚೇರಿಗಳಿಗೆ ಸಾಟಿ ಇಲ್ಲ ಬಿಡಿ.

ಹೊರಗೆ ಹೋರಾಟ ಬಿಸಿಯಾಯಿತು. ತುಂಗಾ ಭದ್ರಾ ಉಳಿಸಿ ಅನ್ನುವ ಕೂಗಿಗೆ ಶೃಂಗೇರಿ, ಕೊಪ್ಪ, ಶಿವಮೊಗ್ಗದ ಬರಹಗಾರರು, ರೈತರು, ಕಾಲೇಜು ಹುಡುಗರು ಸೇರಿದರು. ಹೊಳೆಯ ಕೆಳಗಿನವರು ಸೇರಿದ್ದರಿಂದ ಅದು "ಕಾಡು ಪ್ರಾಣಿ ಪ್ರಿಯರ" ಗಲಾಟೆಯಾಗಿ ಉಳಿಯಲಿಲ್ಲ, ನೀರಿನ ಪ್ರಶ್ನೆ ಆಯಿತು. ರಾಜಕಾರಣಿಗಳಿಗೆ ಕೇಳಿಸುವ ಭಾಷೆ ಇದು. ಸಿಂಗಳೀಕಕ್ಕೆ ಓಟಿಲ್ಲ ಅಲ್ವಾ.

2001ರ ಜೂನ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಬಂತು. ಮರು ತಿಂಗಳೇ ಕೇಂದ್ರದ ಅರಣ್ಯ ಸಲಹಾ ಸಮಿತಿ, ಈಗಾಗಲೇ ಅಗೆದ ಜಾಗದಲ್ಲಿ ಮಾತ್ರ 2005ರ ಕೊನೆಯವರೆಗೆ ಕೆಲಸ ಮಾಡಿ ಮುಗಿಸಲಿ, ಆಮೇಲೆ ಜಾಗ ಬಿಟ್ಟುಕೊಡಲಿ ಅಂತ ಶಿಫಾರಸು ಮಾಡಿತು. ಇಲ್ಲಿಗೇ ನಿಂತಿದ್ದರೆ ಆ ಶಿಫಾರಸು ಇನ್ನೊಂದು ತಾತ್ಕಾಲಿಕ ಅನುಮತಿಯ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು ಅನ್ನುವುದು ನನ್ನ ಅನುಮಾನ.

ಕೋರ್ಟಿನಲ್ಲಿ

ಕೋರ್ಟಿಗೆ ಹೋದದ್ದು ಕೆ.ಎಂ. ಚಿಣ್ಣಪ್ಪ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದವರು, ಕಳ್ಳಬೇಟೆಯವರಿಗೆ ಸಿಂಹಸ್ವಪ್ನ, ಆಮೇಲೆ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಜೊತೆ ಇದ್ದವರು. 2024ರಲ್ಲಿ ತೀರಿಕೊಂಡರು. ಅವರ ಅರ್ಜಿ ಹೊಸ ಮೊಕದ್ದಮೆಯಾಗಿ ಹೋಗಲಿಲ್ಲ. ತಮಿಳುನಾಡಿನ ಗೂಡಲೂರಿನ ಮರ ಕಡಿತದ ವಿಷಯಕ್ಕೆ 1995ರಲ್ಲಿ ಶುರುವಾಗಿ, ಬೆಳೆಯುತ್ತಾ ಇಡೀ ದೇಶದ ಕಾಡಿನ ಮೊಕದ್ದಮೆಯೇ ಆಗಿಬಿಟ್ಟಿದ್ದ ಗೋದಾವರ್ಮನ್ ಪ್ರಕರಣದೊಳಗೆ 2001ರಲ್ಲಿ ಮಧ್ಯಂತರ ಅರ್ಜಿಯಾಗಿ ಸೇರಿಕೊಂಡಿತು. ಜಾಣ ದಾರಿ. ಸುಪ್ರೀಂ ಕೋರ್ಟಿನ ಪೀಠ ಆಗಲೇ ಕಾಡಿನ ವಿಷಯದಲ್ಲಿ ಪಳಗಿತ್ತು, 2002ರಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿ ಅನ್ನುವ ಪರಿಣತರ ಗುಂಪನ್ನೂ ನೇಮಿಸಿಕೊಂಡಿತು. ಆ ಸಮಿತಿ ಕುದುರೆಮುಖದ ವಿಷಯವನ್ನೂ ಪರಿಶೀಲಿಸಿ ವರದಿ ಕೊಟ್ಟಿತು.

ಗಣಿಯ ಜಾಗ ಉದ್ಯಾನದ ಒಳಗೋ ಹೊರಗೋ, ಹಳೆಯ ಗುತ್ತಿಗೆಗೆ ಹೊಸ ಕಾಯ್ದೆ ಅನ್ವಯಿಸುತ್ತದೋ ಇಲ್ಲವೋ, ಉಳಿದ ಅದಿರು ಬಿಟ್ಟರೆ ದೇಶಕ್ಕೆ ಎಷ್ಟು ನಷ್ಟ, ಕೆಲಸದವರ ಗತಿ ಏನು, ಎಲ್ಲ ವಾದವೂ ನಡೆಯಿತು. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು. ಪ್ರಕೃತಿಯನ್ನು ಹಾಳು ಮಾಡುವವನು ತಾಯಿಯನ್ನೇ ಕೊಂದಂತೆ ಅನ್ನುವ ಅರ್ಥದ ಸಾಲಿನಿಂದ ಶುರುವಾಗುವ ತೀರ್ಪು ಅದು. ಭಾಷಣಗಳಲ್ಲಿ ಎಲ್ಲರೂ ಹೇಳುವುದು ಆ ಸಾಲನ್ನೇ. ಕೆಲಸ ಮಾಡಿದ್ದು ಮಾತ್ರ ಕೊನೆಯ ಭಾಗದ ಒಣ ವಾಕ್ಯಗಳು: 2005ರ ಕೊನೆಯವರೆಗೆ ಗಡುವು, ಅದೂ ಆಗಲೇ ಅಗೆದ ಜಾಗದಲ್ಲಿ ಮಾತ್ರ. ಹೊಸ ಗುಡ್ಡ ಮುಟ್ಟುವ ಹಾಗಿಲ್ಲ.

ಮೂರು ವರ್ಷದ ಗಡುವು ಕೊಟ್ಟದ್ದು ಜಾಸ್ತಿ ಆಯಿತು ಅನ್ನುವವರು ಆಗ ಇದ್ದರು. ನನಗೆ ಅದು ಸರಿ ಅನ್ನಿಸುತ್ತದೆ. ಊರಿಗೆ ಊರೇ ಕಂಪನಿಯ ಮೇಲೆ ನಿಂತಿತ್ತು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್, ಅಂಗಡಿ. ಕೆಲವರು ಮಂಗಳೂರಿನ ಘಟಕಕ್ಕೆ ಹೋದರು, ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಗುತ್ತಿಗೆ ಕೂಲಿಗಳಿಗೆ, ಕ್ಯಾಂಟೀನು ಇಟ್ಟವರಿಗೆ, ಕಳಸದ ವ್ಯಾಪಾರದವರಿಗೆ ಯಾವ ಯೋಜನೆಯೂ ಇರಲಿಲ್ಲ. ಈಗ ಆ ಟೌನ್‌ಶಿಪ್ಪಿನ ರಸ್ತೆಯಲ್ಲಿ ಹೋದರೆ ಖಾಲಿ ಮನೆಗಳ ಸಾಲು, ಹೆಂಚಿನ ಮೇಲೆ ಪಾಚಿ.

ಒಳಗಿದ್ದವರು

ಇನ್ನೊಂದು ಪಕ್ಕ ಬಹಳ ಜನ ಬರೆಯದೆ ಬಿಡುತ್ತಾರೆ. ಗಣಿಯನ್ನು ಹೊರಗೆ ಹಾಕಿದ ರಾಷ್ಟ್ರೀಯ ಉದ್ಯಾನವೇ ಒಳಗಿನ ಜನರ ತಲೆಯ ಮೇಲೂ ಬಿತ್ತು. ಉದ್ಯಾನದ ಗಡಿಯೊಳಗೆ ಸಾವಿರಕ್ಕೂ ಹೆಚ್ಚು ಕುಟುಂಬಗಳಿದ್ದವು. ಮಲೆಕುಡಿಯರು, ಗೌಡರು, ಸಣ್ಣ ಗದ್ದೆ ತೋಟದವರು. ಸೀಗೆ, ರಾಮಪತ್ರೆ, ಜೇನು ತಂದು ಮಾರಿ ಬದುಕುತ್ತಿದ್ದವರು. ರಾಷ್ಟ್ರೀಯ ಉದ್ಯಾನ ಅಂದರೆ ಕಾನೂನಿನಲ್ಲಿ ಜನರ ಹಕ್ಕಿಗೆ ಅಭಯಾರಣ್ಯಕ್ಕಿಂತಲೂ ಕಮ್ಮಿ ಜಾಗ. ಸೀಗೆ ತೆಗೆದರೆ ಕೇಸು, ಮನೆಗೆ ದಾರಿ ಮಾಡಿದರೆ ಕೇಸು, ಕರೆಂಟು ಕಂಬಕ್ಕೂ ತಕರಾರು. ಇಪ್ಪತ್ತು ವರ್ಷ ಡೈನಮೈಟು ಸಿಡಿಸಿದ ಕಂಪನಿಗೆ ಮೂರು ವರ್ಷದ ಗಡುವು, ಜೇನು ತೆಗೆದವನಿಗೆ ಅವತ್ತೇ ಕೇಸು. ಹೀಗೆ ನೋಡಿದವನಿಗೆ ಸಿಟ್ಟು ಬರುವುದು ಸಹಜ.

ಅದರಿಂದ ಒಂದು ವಿಚಿತ್ರ ಆಯಿತು. ಗಣಿ ಬೇಡ ಅಂದವರಲ್ಲೇ ಕೆಲವರು ಉದ್ಯಾನವೂ ಬೇಡ ಅಂದರು. ಗಣಿಯ ವಿರುದ್ಧ ಒಟ್ಟಿಗೆ ನಿಂತಿದ್ದವರು ಉದ್ಯಾನದ ವಿಷಯ ಬಂದಾಗ ಎರಡಾದರು. ವನ್ಯಜೀವಿಯವರು ಒಂದು ಕಡೆ, ಜನರ ಹಕ್ಕಿನವರು ಇನ್ನೊಂದು ಕಡೆ. ಒಕ್ಕಲೆಬ್ಬಿಸುವ ಭಯ ಹರಡಿದ ಆ ಹೊತ್ತಿಗೇ ನಕ್ಸಲರು ಈ ಕಾಡಿಗೆ ಬಂದರು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದು ಗ್ರಾಮದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಹೆಣ್ಣುಮಕ್ಕಳು ಸತ್ತರು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಇದೇ ಭಾಗದಲ್ಲಿ ಎನ್‌ಕೌಂಟರ್‌ನಲ್ಲಿ ಸತ್ತರು. ಆಮೇಲೆ ಎರಡು ದಶಕ ಕಾಡಂಚಿನ ಮನೆಗಳಿಗೆ ರಾತ್ರಿ ನಕ್ಸಲರ ಭಯ, ಹಗಲು ಪೊಲೀಸರ ಭಯ. 2024ರ ನವೆಂಬರ್‌ನಲ್ಲಿ ಹೆಬ್ರಿ ಕಡೆ ನಕ್ಸಲ್ ನಾಯಕ ವಿಕ್ರಂ ಗೌಡನ ಸಾವು, 2025ರ ಜನವರಿಯಲ್ಲಿ ಆರು ಜನ ನಕ್ಸಲರ ಶರಣಾಗತಿ. ಉದ್ಯಾನವೊಂದೇ ಇದಕ್ಕೆಲ್ಲ ಕಾರಣ ಅಂದರೆ ತಪ್ಪಾಗುತ್ತದೆ. ಆದರೆ ಒಳಗಿನವರನ್ನು ಕೂರಿಸಿ ಮಾತಾಡಿಸದೆ ಗಡಿ ಎಳೆದದ್ದು ಬೆಂಕಿಗೆ ಒಣಹುಲ್ಲು ಕೊಟ್ಟಿತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಬಲವಂತದ ಒಕ್ಕಲೆಬ್ಬಿಸುವಿಕೆ ಇಲ್ಲ, ಸ್ವಯಂಪ್ರೇರಿತ ಪುನರ್ವಸತಿ ಮಾತ್ರ ಅಂತ ಸರ್ಕಾರ ಹೇಳುತ್ತಾ ಬಂತು. ಕೆಲವು ಕುಟುಂಬಗಳು ಪರಿಹಾರ ತೆಗೆದುಕೊಂಡು ಹೊರಬಂದವು. ಮಕ್ಕಳ ಶಾಲೆ, ಆಸ್ಪತ್ರೆ, ಮಳೆಗಾಲದಲ್ಲಿ ಹಳ್ಳ ದಾಟುವ ಕಷ್ಟ ನೆನೆದು ತಾವೇ ಕೇಳಿ ಬಂದವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಬರುತ್ತೇವೆ ಅಂದವರಿಗೆ ದುಡ್ಡು ಬೇಗ ಬರಲಿಲ್ಲ. ಇರುತ್ತೇವೆ ಅಂದವರಿಗೆ ರಸ್ತೆ, ಕರೆಂಟು ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಲೆಕ್ಕ ಸ್ವಲ್ಪ ಬದಲಾಯಿತು. ಆದರೂ ಹುಲಿ ಮೀಸಲು ಮಾಡುವ ಮಾತು ಎದ್ದಾಗಲೆಲ್ಲ ಊರವರು ಬೀದಿಗೆ ಬರುತ್ತಾರೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ, ಪಕ್ಕದ ಸೋಮೇಶ್ವರ, ಆಗುಂಬೆ ಕಾಡುಗಳೂ ಅದರಲ್ಲಿದ್ದವು. ಆಗಲೂ ಇಲ್ಲಿ ಬೇಡ ಅನ್ನುವ ಕೂಗೇ ಜೋರಾಗಿತ್ತು. ಹೊರಗಿನವರಿಗೆ ಇದು ಮೊಂಡುತನ ಅನ್ನಿಸಬಹುದು. ಒಂದು ಅಧಿಸೂಚನೆಯ ಬಿಸಿ ತಾಗಿದವರು ಎರಡನೆಯದನ್ನು ಹೇಗೆ ನಂಬಬೇಕು?

ಈಗ

ಗುಡ್ಡದ ಮೇಲೆ ಈಗ ಬೇರೆ ಒತ್ತಡ. ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ, ಒಂಟಿಮರ ದಾಟಿ ಹೋಗುವ ಹಾದಿಗೆ, ರಜಾ ದಿನದಲ್ಲಿ ಬೆಂಗಳೂರೇ ಬಂದು ಇಳಿಯುತ್ತದೆ. ಅರಣ್ಯ ಇಲಾಖೆ ದಿನಕ್ಕೆ 300 ಜನ ಅಂತ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ಮಾಡಿದೆ. ಒಳ್ಳೆಯದೇ. ಚಾರಣದವರ ಜೀಪು, ಊಟ, ಹೋಂಸ್ಟೇಯಿಂದ ಸಂಸೆ ಕಡೆಯ ಮನೆಗಳಿಗೆ ನಾಲ್ಕು ಕಾಸು ಬರುತ್ತಿದೆ ಅನ್ನುವುದೂ ಒಳ್ಳೆಯದೇ. ಖಾಲಿ ಟೌನ್‌ಶಿಪ್ಪನ್ನು ಪ್ರವಾಸಿ ತಾಣ ಮಾಡುವ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ.

ಲಕ್ಯಾ ಕಟ್ಟೆ ಹಾಗೇ ಇದೆ. ಗಣಿ ಇದ್ದಾಗ ನೋಡಿಕೊಳ್ಳಲು ಎಂಜಿನಿಯರುಗಳು, ಯಂತ್ರಗಳು, ದುಡ್ಡು ಇತ್ತು. ಈಗ ಸಂಪಾದನೆ ಇಲ್ಲದ ಜಾಗದಲ್ಲಿ 100 ಮೀಟರ್ ಎತ್ತರದ ಕಟ್ಟೆಯನ್ನು ಪ್ರತಿ ಮಳೆಗಾಲವೂ ಕಾಯಬೇಕು, ಅದೂ ಕೊನೆ ದಿನಾಂಕ ಇಲ್ಲದ ಕಾವಲು. ಗಣಿ ಪರವಾನಗಿ ಕೊಡುವಾಗ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಂಪನಿಯೂ ಇದೆ. ಸ್ವಂತ ಗಣಿ ಇಲ್ಲದೆ, ಹೊರಗಿನಿಂದ ಅದಿರು ತರಿಸಿ ಮಂಗಳೂರಿನಲ್ಲಿ ಅದಿರಿನ ಪುಡಿಯ ಉಂಡೆ (ಪೆಲೆಟ್) ಕಟ್ಟುತ್ತಿತ್ತು. ಆಮೇಲೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಕೇಳಿತು. 401 ಹೆಕ್ಟೇರಿಗೂ ಹೆಚ್ಚು ಕಾಡು, 99,000ಕ್ಕೂ ಹೆಚ್ಚು ಮರ. ಕೇಂದ್ರದ ಅರಣ್ಯ ಅನುಮತಿ ಸಿಕ್ಕಿಯೂ ಆಯಿತು. 2024ರ ಜೂನ್‌ನಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅದರ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಜಾಗ ಹಸ್ತಾಂತರ ಮಾಡಬೇಡಿ ಅಂತ ಅಧಿಕಾರಿಗಳಿಗೆ ಸೂಚಿಸಿದರು. ಕೊಟ್ಟ ಕಾರಣ ಸಂಡೂರಿನದ್ದಲ್ಲ. ಕುದುರೆಮುಖದಲ್ಲಿ ಮಾಡಿದ ಉಲ್ಲಂಘನೆಗಳಿಗೆ ಕಟ್ಟಬೇಕಾದ ಬಾಕಿ, ಕೇಂದ್ರ ಉನ್ನತಾಧಿಕಾರ ಸಮಿತಿ ಹೇಳಿದ್ದನ್ನು ಪಾಲಿಸದೆ ಉಳಿಸಿದ್ದು, ಅದನ್ನು ಮೊದಲು ತೀರಿಸಲಿ ಅಂದರು. ಇದರಲ್ಲಿ ರಾಜ್ಯ ಕೇಂದ್ರದ ರಾಜಕೀಯ ಇಲ್ಲ ಅಂತ ನಂಬುವಷ್ಟು ಮುಗ್ಧರು ಯಾರೂ ಇಲ್ಲ. ಆದರೂ ಮಲೆನಾಡಿನ ಗುಡ್ಡದ ಹಳೇ ಬಾಕಿ ಚೀಟಿ ಬಳ್ಳಾರಿ ಸೀಮೆಯ ಬೆಟ್ಟಕ್ಕೆ ಅಡ್ಡ ಬಂದು ನಿಂತಿತು. ಚಿಣ್ಣಪ್ಪನವರ ಅರ್ಜಿ ಕೋರ್ಟಿಗೆ ಹೋಗಿ ಆಗ 23 ವರ್ಷ ಆಗಿತ್ತು.